ದಪ್ಪ ಹಲಗೆ ಹಾಕಿದರೆ ಡಲ್ಸಿಮರ್ ಗಟ್ಟಿಯಾದೀತು, ಆದರೆ ಮೂಕಾಗುತ್ತದೆ

ಮಾನ್ಯ ಸಂಪಾದಕರೇ,

ಕೈಯಿಂದ ಮಾಡುವ ತಂತಿವಾದ್ಯಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ, ಡಲ್ಸಿಮರ್ ಪೆಟ್ಟಿಗೆಗೆ 6 ಮಿ.ಮೀ. ಸಾಗವಾನಿ ಹಾಕಿದರೆ ಒಳಗೆ ಅಡ್ಡಪಟ್ಟಿಗಳೇ ಬೇಡ ಎನ್ನುತ್ತದೆ. ಅದನ್ನು ನಂಬಿ ಯಾರಾದರೂ ಮರ ಕೊಯ್ಯಿಸುವ ಮೊದಲು ಈ ತಿದ್ದುಪಡಿ ಅಚ್ಚಾದರೆ ಒಳ್ಳೆಯದು. ಅಂಥ ಪೆಟ್ಟಿಗೆ ಮುರಿಯುವುದಿಲ್ಲ, ನಿಜ. ನುಡಿಯುವುದೂ ಇಲ್ಲ.

ಡಲ್ಸಿಮರ್ ಎಂಬ ಹೆಸರಿನಲ್ಲಿ ಎರಡು ವಾದ್ಯಗಳಿವೆ. ಕೋಲಿನಿಂದ ಬಡಿದು ನುಡಿಸುವುದು ನಮ್ಮ ಸಂತೂರಿನ ಬಳಗದ್ದು. ಬರಹದಲ್ಲಿ ಹೇಳಿದ್ದು ಇನ್ನೊಂದು: ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನದು, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮೀಟುವಂಥದ್ದು, ಮೂರೋ ನಾಲ್ಕೋ ತಂತಿಯದು. ಒಂದು ಬದಿಯ ತಂತಿಯಲ್ಲಿ ಧಾಟಿ ನಡೆಯುತ್ತದೆ, ಉಳಿದವು ತಂಬೂರಿಯ ಹಾಗೆ ಶ್ರುತಿ ಹಿಡಿಯುತ್ತವೆ. ತಂತಿ ಒತ್ತಿ ಸ್ವರ ಹಿಡಿಯುವ ಮೆಟ್ಟಿಲುಗಳು ಹನ್ನೆರಡು ಸ್ವರಕ್ಕೂ ಇರುವುದಿಲ್ಲ. ಬಿಟ್ಟ ತಂತಿಯನ್ನು ಷಡ್ಜ ಎಂದುಕೊಂಡರೆ ಹಿಂದೂಸ್ತಾನಿ ಸ್ವರಸಾಲುಗಳಲ್ಲಿ ಒಂದಾದ ಖಮಾಜ್ ಥಾಟ್, ಮೂರನೇ ಮೆಟ್ಟಿಲಿನಿಂದ ಹೊರಟರೆ ಬಿಲಾವಲ್, ನಾಲ್ಕನೆಯದರಿಂದ ಕಾಫಿ. ಧಾರವಾಡದ ಕಿವಿಗೆ ಇದೇನೂ ಹೊರಗಿನದಲ್ಲ.

ಒಳಗೆ ಪಟ್ಟಿ ಬೇಡವೆಂಬ ತಪ್ಪು ತಂಬೂರಿಯಿಂದಲೇ ಬಂದಿರಬೇಕು. ಮೀರಜ್ ತಂಬೂರಿಯ ತಬಲಿ, ಅಂದರೆ ಮೇಲುಹಲಗೆ, ಉಬ್ಬಿಕೊಂಡಿರುತ್ತದೆ, ಹಿಂದೆ ದುಂಡನೆಯ ಬುರುಡೆ. ಮೊಟ್ಟೆಯ ಸಿಪ್ಪೆಯಂತೆ ಆ ಉಬ್ಬೇ ಅದರ ಬಲ. ಡಲ್ಸಿಮರ್ ಹಾಗಲ್ಲ, ಮೇಲೂ ಕೆಳಗೂ ಚಪ್ಪಟೆ.

ಲೆಕ್ಕ ನೋಡಿ. ತಂತಿಯನ್ನು ಹೊರುವ ತಲೆಯ ಕಡೆಯ ಅಡ್ಡೆಯಿಂದ ಬಾಲದ ಕಡೆಯ ಕುದುರೆಯವರೆಗೆ 700 ಮಿ.ಮೀ. ಇದ್ದು, 0.30 ಮಿ.ಮೀ. ಉಕ್ಕಿನ ತಂತಿಯನ್ನು 293 ಹರ್ಟ್ಸ್‌ಗೆ ಏರಿಸಿದರೆ ಅದೊಂದೇ 10 ಕೆ.ಜಿ.ಗೆ ಹತ್ತಿರ ಜಗ್ಗುತ್ತದೆ. ನಾಲ್ಕೂ ಸೇರಿ 35 ಕೆ.ಜಿ. ಆಸುಪಾಸು, ಹಗಲೂ ರಾತ್ರಿ. ಈ ಎಳೆತ ಹಾಯುವುದು ಪೆಟ್ಟಿಗೆಯ ನಡುವಿನಲ್ಲಲ್ಲ, ಮೇಲುಹಲಗೆಗಿಂತಲೂ ಮೇಲೆ. ಹಾಗಾಗಿ ಎರಡೂ ತುದಿ ಬಿಲ್ಲಿನಂತೆ ಏಳಲು ನೋಡುತ್ತವೆ. ಅದನ್ನು ತಡೆಯುವುದು ಮೆಟ್ಟಿಲುಗಳನ್ನು ಹೊತ್ತು ಉದ್ದಕ್ಕೂ ಅಂಟಿಕೊಂಡಿರುವ ಮೆಟ್ಟಿಲುಪಟ್ಟಿ. ವಾದ್ಯದ ಬೆನ್ನೆಲುಬು ಅದೇ. ಅದರ ಎಡಬಲಕ್ಕೆ ಉಳಿಯುವ ತೆಳು ಹಲಗೆಗೆ ಮರದ ನಾರಿನ ಎಳೆಯ ಗುಂಟ ಬಲವಿದೆ, ಎಳೆಗೆ ಅಡ್ಡಲಾಗಿ ಇಲ್ಲ. ಅಡ್ಡಪಟ್ಟಿ ಬೇಕಾಗುವುದು ಅಲ್ಲಿ.

ಹಲಗೆಯನ್ನು 3ರಿಂದ 6 ಮಿ.ಮೀ.ಗೆ ಏರಿಸಿದರೆ ಬಿಗಿ ಎಂಟು ಪಟ್ಟಾಗುತ್ತದೆ, ತೂಕ ಎರಡು ಪಟ್ಟು. ಕೂದಲೆಳೆಯಂಥ ತಂತಿ ಅದನ್ನು ಅಲುಗಿಸುವುದು ಹೇಗೆ? 3 ಮಿ.ಮೀ. ಹಲಗೆಯನ್ನೇ ಇಟ್ಟುಕೊಂಡು ಕೆಳಗೆ 6 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ಮೂರು ಪಟ್ಟಿ ಕೊಡಿ. ಅದೇ ಪಟ್ಟಿಯನ್ನು ಮಲಗಿಸಿ ಅಂಟಿಸಿದರೆ ಮರ ಅಷ್ಟೇ, ಬಿಗಿ ಮಾತ್ರ ಕಾಲು ಭಾಗ. ಬಡಿಗೇರರು ಮನೆಯ ತೊಲೆಯನ್ನು ನಿಲ್ಲಿಸಿ ಕೂರಿಸುವುದೂ ಇದಕ್ಕೇ. ಪಟ್ಟಿಯ ಎಳೆ ಉದ್ದಕ್ಕೆ ನೇರವಾಗಿ ಓಡಬೇಕು, ನಡುವೆ ಗಂಟು ಇರಬಾರದು. ಎರಡೂ ತುದಿಯನ್ನು 3 ಮಿ.ಮೀ.ಗೆ ಇಳಿಜಾರು ಮಾಡಿ. ನಾದರಂಧ್ರದ ಅಂಚಿನಿಂದ 15 ಮಿ.ಮೀ. ದೂರವಿರಲಿ, ಕುದುರೆಯ ನೇರ ಕೆಳಗೆ ಪಟ್ಟಿ ಬೇಡ, ದನಿ ಕಟ್ಟಿಹೋಗುತ್ತದೆ. ಹಿಂಬದಿಯ ಹಲಗೆಗೆ ನಾಲ್ಕು ಪಟ್ಟಿ, ಅವಕ್ಕೆ ಅಂಟುವ ಅಂಚಿನಲ್ಲಿ ಒಂದು ಮಿಲಿಮೀಟರ್ ಉಬ್ಬು. ಹಲಗೆ ಒಣಗಿ ಕುಗ್ಗಿದಾಗ ಒಳಗೆ ಕುಸಿಯದೆ ಸಮಕ್ಕೆ ಬಂದು ನಿಲ್ಲುತ್ತದೆ.

ಮೆಟ್ಟಿಲುಪಟ್ಟಿ 38 ಮಿ.ಮೀ. ಅಗಲ, 20 ಮಿ.ಮೀ. ಎತ್ತರ ಇದ್ದರೆ ಸಾಕು. ತೂಕ ಇಳಿಸಲು ಕೆಳಗಿನಿಂದ ತೋಡುವುದು ರೂಢಿ. ಮೀಟುವ ಜಾಗದಲ್ಲಿ ಮೇಲಿನಿಂದಲೂ ತಗ್ಗು ಮಾಡುತ್ತಾರೆ. ಇವೆರಡೂ ಒಂದರ ಮೇಲೊಂದು ಬಂದರೆ ನಡುವೆ ಉಳಿಯುವುದು ಎರಡು ಮೂರು ಮಿಲಿಮೀಟರ್ ಮರ, ಬೆನ್ನು ಮುರಿಯುವುದು ಅಲ್ಲೇ. ತಗ್ಗಿನ ಕೆಳಗೆ ತೋಡಬೇಡಿ.

ಇನ್ನು ಮಳೆ. ನಮ್ಮ ಭಾಗದಲ್ಲಿ ಕೆಲಸ ಕೆಡಿಸುವುದು ಹೆಚ್ಚಾಗಿ ಅದೇ. ಮರ ಗಾಳಿಯ ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. 180 ಮಿ.ಮೀ. ಅಗಲದ ಸಾಗವಾನಿ ಹಲಗೆ ಶ್ರಾವಣದಿಂದ ಬೇಸಿಗೆಗೆ ಬರುವಷ್ಟರಲ್ಲಿ ಒಂದು ಮಿಲಿಮೀಟರ್‌ನಷ್ಟು ಕುಗ್ಗಬಹುದು. ಅಡ್ಡಲಾಗಿ ಅಂಟಿದ ಪಟ್ಟಿಗೆ ಹಲಗೆಯ ಆ ಅಗಲವೇ ಉದ್ದ, ಹಾಗಾಗಿ ಜಪ್ಪಯ್ಯ ಅಂದರೂ ಕುಗ್ಗದು. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಅಂಟಿಸಿದ ಹಲಗೆ ಗದಗಿನ ಮಾರ್ಚ್ ಬಿಸಿಲಿಗೆ ಸೀಳುವುದು ಇದರಿಂದ. ಪಟ್ಟಿ ಅಂಟಿಸುವ ಕೆಲಸವನ್ನು ಫೆಬ್ರುವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಮುಂದೆ ಮಳೆಗಾಲದಲ್ಲಿ ಹಲಗೆ ತುಸು ಉಬ್ಬಿದರೂ ಸೀಳುವುದಿಲ್ಲ. ಹಳೆಯ ಮನೆ ಕೆಡವಿದಾಗ ಸಿಗುವ ಬಾಗಿಲು ಚೌಕಟ್ಟಿನ ಸಾಗವಾನಿ ಹೊಸದಕ್ಕಿಂತ ಎಷ್ಟೋ ಮೇಲು, ಮೊಳೆ ನೋಡಿ ತೆಗೆದರಾಯಿತು.

ಬದಿಯ ಹಲಗೆ 2 ಮಿ.ಮೀ. ಮಾತ್ರ. ಅದರ ಅಂಚಿಗೆ ಮೇಲುಹಲಗೆ ನೇರ ಅಂಟಿಸಿದರೆ ಹಿಡಿಯುವುದಿಲ್ಲ. ಒಳಗೋಡೆಯ ಸುತ್ತ 6 ಮಿ.ಮೀ. ಚೌಕದ ಸಣ್ಣ ರೀಪು ಓಡಿಸಿ, ಅದರಲ್ಲಿ ಕಚ್ಚು ಕೊರೆದು ಅಡ್ಡಪಟ್ಟಿಯ ತುದಿ ಕೂರಿಸಿ. ತುದಿ ಗಾಳಿಯಲ್ಲಿ ತೇಲುತ್ತಿದ್ದರೆ ವರ್ಷದೊಳಗೆ ಅಲ್ಲಿಂದಲೇ ಬಿಡಿಸಿಕೊಳ್ಳುತ್ತದೆ. ಬಿಳಿ ಅಂಟು ಪಟ್ಟಿಗೆ ನಡೆಯುತ್ತದೆ, ಆದರೆ ತಂತಿಗಳ ತುದಿ ಕಟ್ಟಿ ಸದಾ ಜಗ್ಗುವ ಬಾಲದ ತುಂಡಿಗೆ ನಮ್ಮ ಮತ ಸರೇಸಿಗೆ, ಅಂದರೆ ಪ್ರಾಣಿಯ ಚರ್ಮದಿಂದ ಮಾಡುವ ಅಂಟಿಗೆ. ಬಿಳಿ ಅಂಟು ಎಳೆತಕ್ಕೆ ನಿಧಾನ ಜಾರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮೆತ್ತಗೂ ಆಗುತ್ತದೆ. ಸರೇಸನ್ನು ರಾತ್ರಿ ತಣ್ಣೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು 60–65 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಬಲ ಹೋಯಿತು. ಹಚ್ಚಿದ ಮೇಲೆ ನಿಮಿಷದೊಳಗೆ ಕೂಡಿಸಬೇಕು. ಪಟ್ಟಿ ಒತ್ತಿ ಹಿಡಿಯಲು ದುಬಾರಿ ಶಿಕಂಜಿ ಬೇಡ: ಕಪಾಟಿನ ಅರೆಯ ಕೆಳಗೆ ಹಲಗೆ ಇಟ್ಟು, ಅರೆಗೂ ಪಟ್ಟಿಗೂ ನಡುವೆ ಬಿದಿರಿನ ದಬ್ಬೆ ಬಾಗಿಸಿ ಸಿಕ್ಕಿಸಿದರೆ ಅದೇ ಒತ್ತುತ್ತದೆ.

ಮಾಡಿದ ವಾದ್ಯ ಒಂದೇ ಸ್ವರಕ್ಕೆ ಝರ್ ಎಂದರೆ ಕುದುರೆಯನ್ನು ಕೆತ್ತಲು ಹೋಗಬೇಡಿ. ತಂತಿ ಅಂಗೈಯಲ್ಲಿ ಮುಚ್ಚಿ, ಬೆರಳ ಗಿಣ್ಣಿನಿಂದ ಹಲಗೆಯನ್ನು ತಟ್ಟುತ್ತಾ ಹೋಗಿ. ಪಟ್ಟಿ ಬಿಟ್ಟ ಕಡೆ ಒಡೆದ ಮಡಕೆಯ ಸದ್ದು. ಬಸ್ ಟಿಕೆಟಿನ ಚೀಟಿಯನ್ನು ಬೇರೊಂದು ತಂತಿಯ ತುಂಡಿಗೆ ಸಿಕ್ಕಿಸಿ ರಂಧ್ರದಿಂದ ಒಳಗೆ ಬಿಟ್ಟು ನೋಡಿ, ಅದು ಪಟ್ಟಿಗೂ ಹಲಗೆಗೂ ನಡುವೆ ನುಸುಳಿದರೆ ರೋಗ ಅಲ್ಲೇ ಇದೆ.

ಹೊಸ ವಾದ್ಯದ ತಂತಿಯನ್ನು ಮೊದಲ ದಿನವೇ ಪೂರ್ತಿ ಏರಿಸದೆ, ನಾಲ್ಕು ಸ್ವರ ಕೆಳಗೆ ಮೂರು ದಿನ ಬಿಡಿ. ಏಳನೇ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಅಳೆದು, ಪೆಟ್ಟಿಗೆಯ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಡಿ. 3 ಮಿ.ಮೀ. ಇದ್ದದ್ದು ತಿಂಗಳಲ್ಲಿ 5 ಆಗಿದ್ದರೆ ತುದಿಗಳು ಎದ್ದಿವೆ, ಬಿರಡೆ ಸಡಿಲಿಸಿ ಬಾಲದ ತುಂಡನ್ನು ಮೊದಲು ನೋಡಿ.

– ತಂತಿವಾದ್ಯ ಕಟ್ಟುವ ಹವ್ಯಾಸಿಗಳು, ಧಾರವಾಡ