ಫೋಟೊ ರೇಟ್ ಕೇಳುವ ಮುಂಚೆ ಬಳಕೆ ಹೇಳಿ

ಸಂಪಾದಕರಿಗೆ ನಮಸ್ಕಾರ.

ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕುವವರಿಗೆ ಒಂದಲ್ಲ ಒಂದು ದಿನ ಇಂಥ ಮೆಸೇಜ್ ಬಂದೇ ಬರುತ್ತದೆ: "ನಿಮ್ಮ ಫೋಟೊ ತುಂಬಾ ಚೆನ್ನಾಗಿದೆ. ನಮ್ಮ ಪ್ರಚಾರಕ್ಕೆ ಬಳಸಿಕೊಳ್ಳಬಹುದಾ? ಕೆಳಗೆ ನಿಮ್ಮ ಹೆಸರು ಹಾಕ್ತೀವಿ. ರೇಟ್ ಏನಾದರೂ ಇದ್ದರೆ ಬೇಗ ತಿಳಿಸಿ, ನಾಳೆ ಪ್ರಿಂಟ್‌ಗೆ ಹೋಗಬೇಕು." ನನಗೂ ಬಂದಿದೆ. ಓದಿದಾಗ ಖುಷಿಯಾಗುವುದು ನಿಜ. ಆದರೆ ರೇಟ್ ಹೇಳಲು ಬೇಕಾದ ಒಂದೇ ಒಂದು ವಿಷಯವೂ ಅದರಲ್ಲಿ ಇರುವುದಿಲ್ಲ, ಅವಸರ ಮಾತ್ರ ಇರುತ್ತದೆ. ಆಗ ಫೋಟೊ ತೆಗೆದವರು ಬಾಯಿಗೆ ಬಂದ ಒಂದು ಮೊತ್ತ ಹೇಳುತ್ತಾರೆ, ಇಲ್ಲವೇ ಸಂಕೋಚಕ್ಕೆ ಸುಮ್ನೆ ಕೊಟ್ಟುಬಿಡುತ್ತಾರೆ. ಕೇಳುವವರೂ ಕೊಡುವವರೂ ನಿಮ್ಮ ಓದುಗರಲ್ಲಿ ಇದ್ದಾರೆ, ಅದಕ್ಕೇ ಈ ಪತ್ರ.

ವ್ಯಾಪಾರಕ್ಕೆ ಬಳಸುವ ಫೋಟೊದ ಬೆಲೆ ನಿಂತಿರುವುದು ಅದರಿಂದ ಎಷ್ಟು ಕೆಲಸ ತೆಗೆಯುತ್ತಾರೆ ಅನ್ನುವುದರ ಮೇಲೆ. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಆನ್ ಮಾಡಿದರೆ ಕಾಣುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶ ನೆನಪಿದೆ ಅಲ್ವಾ? ಅಮೆರಿಕದ ಫೋಟೊಗ್ರಾಫರ್ ಚಾರ್ಲ್ಸ್ ಓ'ರಿಯರ್ ಅದನ್ನು ತೆಗೆದದ್ದು 1996ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕಾರಿನಲ್ಲಿ ಹೋಗುತ್ತಿದ್ದಾಗ ರಸ್ತೆ ಪಕ್ಕ ನಿಲ್ಲಿಸಿ. ಆಮೇಲೆ ಅದು ಸ್ಟಾಕ್ ಫೋಟೊ ಸಂಸ್ಥೆಯೊಂದರಲ್ಲಿ, ಅಂದರೆ ಮೊದಲೇ ತೆಗೆದಿಟ್ಟ ಫೋಟೊಗಳನ್ನು ಬಳಸುವ ಅನುಮತಿ ಮಾರುವ ಕಡೆ, ಇತರ ಚಿತ್ರಗಳ ಜೊತೆ ಮಾರಾಟಕ್ಕಿತ್ತು. 2000ದಲ್ಲಿ ಮೈಕ್ರೋಸಾಫ್ಟ್ ಬಂದು, ಬಳಸುವ ಅನುಮತಿ ಮಾತ್ರ ಸಾಲದು, ಪೂರ್ತಿ ಹಕ್ಕೇ ಬೇಕು ಎಂದಿತು. ಎಷ್ಟು ಕೊಟ್ಟರು ಎಂದು ಒಪ್ಪಂದದ ಪ್ರಕಾರ ಓ'ರಿಯರ್ ಹೇಳುವಂತಿಲ್ಲ. ಆದರೆ ಆ ಬೆಲೆಯ ಮೂಲ ಫಿಲ್ಮನ್ನು ಸಾಗಿಸಲು ಕೊರಿಯರ್‌ನವರು ಒಪ್ಪಲಿಲ್ಲವಂತೆ, ಕೊನೆಗೆ ಅವರೇ ವಿಮಾನ ಹತ್ತಿ ಹೋಗಿ ಕೊಟ್ಟು ಬಂದರಂತೆ. ಫೋಟೊ ಅದೇ, ಗುಡ್ಡ ಅದೇ. ಬಳಕೆ ಮಾತ್ರ ಎಲ್ಲಿಂದೆಲ್ಲಿಗೋ ಹೋಗಿತ್ತು.

ಹಾಗಾಗಿ ರೇಟ್ ಹೇಳುವ ಮುಂಚೆ ಕೇಳಬೇಕಾದ್ದು ಇಷ್ಟು. ಎಲ್ಲಿ ಹಾಕುತ್ತೀರಿ? ವೆಬ್‌ಸೈಟಿನ ಯಾವುದೋ ಒಳಪುಟದಲ್ಲೋ, ಹೋರ್ಡಿಂಗ್ ಮೇಲೋ, ಮಾರುವ ಪ್ಯಾಕೆಟ್ ಮೇಲೋ? ಎಷ್ಟು ಪ್ರತಿ, ಎಷ್ಟು ತಿಂಗಳು, ಒಂದು ಊರಿಗೋ ಇಡೀ ದೇಶಕ್ಕೋ? ಅಷ್ಟು ದಿನ ಈ ಫೋಟೊವನ್ನು ಬೇರೆ ಯಾರಿಗೂ ಕೊಡಬಾರದೋ? ಈ ಕೊನೆಯ ಪ್ರಶ್ನೆಗೆ ಹೌದು ಎಂದರೆ ರೇಟ್ ಎಷ್ಟೋ ಪಟ್ಟು ಜಾಸ್ತಿಯಾಗಬೇಕು, ಏಕೆಂದರೆ ಆಮೇಲೆ ಬರುವ ಗಿರಾಕಿಗಳನ್ನೆಲ್ಲ ನೀವು ವಾಪಸ್ ಕಳಿಸಬೇಕಾಗುತ್ತದೆ.

ಉತ್ತರ ಬಂದ ಮೇಲೆ ಕೊಟೇಶನ್ನಿನಲ್ಲಿ ಬರೆಯಬೇಕಾದ ಸಾಲು ಹೀಗಿರಲಿ: "ಈ ಒಂದು ಫೋಟೊ, ಒಂದು ಬ್ರೋಷರ್‌ನ ಒಳಪುಟದಲ್ಲಿ ಅರ್ಧ ಪುಟ ಅಳತೆಗೆ, 5,000 ಪ್ರತಿಗಳವರೆಗೆ, ಒಂದು ವರ್ಷಕ್ಕೆ. ಬೇರೆಯವರಿಗೂ ಕೊಡುವ ಹಕ್ಕು ನನ್ನದೇ. ಪೂರ್ತಿ ಹಣ ಬಂದ ದಿನದಿಂದ ಅನುಮತಿ ಜಾರಿ." ವಕೀಲರ ಭಾಷೆ ಬೇಕಿಲ್ಲ. ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ, ಬಿಲ್ ಕಳಿಸಿ ತಿಂಗಳುಗಟ್ಟಲೆ ಕಾಯುವವರಿಗೆ ಅದರ ಬೆಲೆ ಗೊತ್ತು. ವರ್ಷ ಮುಗಿದ ಮೇಲೆ ಮುಂದುವರಿಸಬೇಕೆಂದರೆ ಅವರು ಮತ್ತೆ ಕೇಳಬೇಕು, ಮತ್ತೆ ಕೊಡಬೇಕು.

ಇನ್ನು ಮೊತ್ತ. ಕ್ಯಾಮೆರಾ, ಲೆನ್ಸ್, ಕಂಪ್ಯೂಟರ್, ಸಾಫ್ಟ್‌ವೇರ್, ರಿಪೇರಿ, ಓಡಾಟ ಎಲ್ಲ ಸೇರಿ ವರ್ಷದ ಖರ್ಚು ಬರೆಯಿರಿ, ಮನೆ ನಡೆಯಲು ಬೇಕಾದ್ದನ್ನು ಅದಕ್ಕೆ ಸೇರಿಸಿ, ನಿಜವಾಗಿ ದುಡ್ಡು ಸಿಗುವ ಕೆಲಸದ ದಿನಗಳು ಎಷ್ಟೋ ಅಷ್ಟರಿಂದ ಭಾಗಿಸಿ. (ವರ್ಷದ ಎಲ್ಲ ದಿನಗಳಿಂದ ಭಾಗಿಸಿದರೆ ಲೆಕ್ಕ ಸುಳ್ಳಾಗುತ್ತದೆ.) ಬಂದ ಮೊತ್ತವೇ ನಿಮ್ಮ ಒಂದು ದಿನದ ಕನಿಷ್ಠ. ಹೊಸದಾಗಿ ತೆಗೆದುಕೊಡುವ ಕೆಲಸಕ್ಕೆ ಇದರ ಕೆಳಗೆ ಇಳಿದರೆ ಕೈಯಿಂದ ಹಾಕಿ ದುಡಿದಂತೆ, ಮತ್ತು ಬಳಕೆಯ ಶುಲ್ಕ ಇದರ ಮೇಲಿನದು. ಮೊದಲೇ ತೆಗೆದಿಟ್ಟ ಫೋಟೊ ಆದರೆ ಬರೀ ಬಳಕೆ ನೋಡಿ ಹೇಳಬಹುದು.

"ಸ್ಟಾಕ್ ಸೈಟಿನಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ" ಎನ್ನುವವರು ಇದ್ದಾರೆ. ಸಿಗುತ್ತದೆ, ಬೇಕಿದ್ದರೆ ಅಲ್ಲೇ ತೆಗೆದುಕೊಳ್ಳಲಿ. ಅದೇ ಫೋಟೊ ಎದುರು ಕಂಪನಿಯ ಜಾಹೀರಾತಿನಲ್ಲೂ ಬರಬಹುದು, ಯಾರೂ ತಡೆಯುವಂತಿಲ್ಲ. ಹಲವು ದೊಡ್ಡ ಸ್ಟಾಕ್ ಸೈಟುಗಳ ಸಾಮಾನ್ಯ ಲೈಸೆನ್ಸಿನಲ್ಲೂ (ಬಳಕೆಯ ಅನುಮತಿಯಲ್ಲೂ) 5 ಲಕ್ಷ ಪ್ರತಿಗಳ ಮಿತಿ ಇರುತ್ತದೆ. ಟೀ ಶರ್ಟ್, ಮಗ್ ಮೇಲೆ ಹಾಕಿ ಮಾರುವುದಾದರೆ ಬೇರೆ ಲೈಸೆನ್ಸ್ ಕೊಳ್ಳಬೇಕು.

ನನಗೆ ಜಾಸ್ತಿ ಸಿಟ್ಟು ಬರುವುದು ಒಪ್ಪಂದದ ಒಂದು ಸಾಲು ಕಂಡರೆ: "ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಪ್ರಪಂಚದಾದ್ಯಂತ, ಶಾಶ್ವತವಾಗಿ." ಬೇಕಾಗಿರುವುದು ಒಂದು ಬ್ಯಾನರ್, ಕೇಳುವುದು ಬ್ರಹ್ಮಾಂಡ. ಬಾಡಿಗೆಯ ದುಡ್ಡಿಗೆ ಮನೆಯನ್ನೇ ಬರೆದುಕೊಡಿ ಎಂದ ಹಾಗೆ. ಎಷ್ಟೋ ಸಲ ಕಳಿಸಿದವರಿಗೂ ಆ ಸಾಲು ಬೇಕಿರುವುದಿಲ್ಲ, ಹಳೆಯ ಫಾರಂನಲ್ಲಿ ಇತ್ತು ಅಂತ ಹಾಗೇ ಕಳಿಸಿರುತ್ತಾರೆ. ಹೊಡೆದುಹಾಕಿ ವಾಪಸ್ ಕಳಿಸಿದರೆ ಒಪ್ಪಿಕೊಳ್ಳುವವರೂ ಇದ್ದಾರೆ, ಕೇಳಿ ನೋಡಿ.

ಎಲ್ಲವನ್ನೂ ಬರೆದೇ ಇಡಬೇಕು, ಬಾಯಿಮಾತಿನ ಒಪ್ಪಂದ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ, ಹಕ್ಕು ಯಾರದು ಎನ್ನುವ ಕಾನೂನು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ಸ್ವತಂತ್ರ ಫೋಟೊಗ್ರಾಫರ್ ತೆಗೆದದ್ದು ಸಾಮಾನ್ಯವಾಗಿ ಅವನದೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ನೋಡಿ: ದುಡ್ಡು ಕೊಟ್ಟು ತೆಗೆಸಿದ ಫೋಟೊ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಒಡೆಯರು. ಅಂದರೆ ಹಕ್ಕು ನಿಮ್ಮಲ್ಲೇ ಉಳಿಯಬೇಕೆಂದರೆ ಕೆಲಸ ಒಪ್ಪುವಾಗಲೇ ಬರೆಸಿಕೊಳ್ಳಬೇಕು. ಅದೇ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಲೆಕ್ಕ. ಇದು ಎಷ್ಟು ಫೋಟೊಗ್ರಾಫರ್‌ಗಳಿಗೆ ಗೊತ್ತಿದೆಯೋ!

ಇನ್ನು ಕೊಳ್ಳುವವರಿಗೆ. ಲೈಸೆನ್ಸ್ ಇದ್ದರೂ ಸಾಲದ ಸಂದರ್ಭ ಇದೆ. 2007ರಲ್ಲಿ ವರ್ಜಿನ್ ಮೊಬೈಲ್ ಆಸ್ಟ್ರೇಲಿಯಾ ತನ್ನ ಜಾಹೀರಾತಿಗೆ ಫ್ಲಿಕರ್ ಎಂಬ ಫೋಟೊ ಹಂಚುವ ಸೈಟಿನಿಂದ ಒಬ್ಬ ಹುಡುಗಿಯ ಫೋಟೊ ತೆಗೆದುಕೊಂಡಿತು. ಫೋಟೊ ತೆಗೆದವರು ಅದನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲೇ, ಅಂದರೆ ತೆಗೆದವರ ಹೆಸರು ಹಾಕಿ ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದು ಎಂಬ ಅನುಮತಿಯೊಂದಿಗೆ, ಹಾಕಿದ್ದರು. ಆದರೆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ, ಮನೆಯವರು ಟೆಕ್ಸಾಸ್‌ನಲ್ಲಿ ಕೇಸ್ ಹಾಕಿದರು. ಆ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದು ವಜಾ ಆಯಿತು ನಿಜ, ಆದರೆ ಅಷ್ಟರೊಳಗೆ ಕಂಪನಿಯ ಹೆಸರು ಎಲ್ಲ ಕಡೆ ಓಡಾಡಿತ್ತು. ಗುರುತು ಸಿಗುವ ಮುಖ ಇದ್ದರೆ ಮಾಡೆಲ್ ರಿಲೀಸ್, ಅಂದರೆ ಆ ವ್ಯಕ್ತಿಯ ಸಹಿ ಇರುವ ಒಪ್ಪಿಗೆ ಪತ್ರ, ಬೇಕೇ ಬೇಕು. ಚಿಕ್ಕವರಾದರೆ ತಂದೆತಾಯಿಯ ಸಹಿ. ಸುದ್ದಿಗೆ ನಡೆಯುವುದು ಜಾಹೀರಾತಿಗೆ ನಡೆಯುವುದಿಲ್ಲ.

ಇಂಟರ್ನೆಟ್‌ನಲ್ಲಿ ಸಿಕ್ಕಿದ್ದೆಲ್ಲ ಪುಕ್ಕಟೆ ಎಂದುಕೊಂಡವರಿಗೂ ಒಂದು ಉದಾಹರಣೆ ಇದೆ. 2010ರ ಹೈಟಿ ಭೂಕಂಪದ ಫೋಟೊಗಳನ್ನು ಫೋಟೊಗ್ರಾಫರ್ ಡೇನಿಯಲ್ ಮೊರೆಲ್ ಟ್ವಿಟರ್ ಮೂಲಕ ಹಾಕಿದ್ದರು. ಅವನ್ನು ಕೇಳದೆ ಹಂಚಿದ ಸುದ್ದಿಸಂಸ್ಥೆ ಎಎಫ್‌ಪಿ ಮತ್ತು ಫೋಟೊ ಮಾರುವ ಕಂಪನಿ ಗೆಟ್ಟಿ ಇಮೇಜಸ್ 12 ಲಕ್ಷ ಡಾಲರ್ ಕೊಡಬೇಕು ಎಂದು 2013ರಲ್ಲಿ ನ್ಯೂಯಾರ್ಕಿನ ಜ್ಯೂರಿ ಹೇಳಿತು.

ಕೊನೆಗೆ, ಸಂಪಾದಕರೇ, ನಿಮ್ಮ ಹತ್ತಿರವೇ ಒಂದು ಕೇಳಿಕೆ. ಓದುಗರಿಂದ ಫೋಟೊ ಕರೆಯುವಾಗ ಪತ್ರಿಕೆಗಳು ಅಳತೆ, ಕೊನೆಯ ದಿನಾಂಕ ಎಲ್ಲ ಹಾಕುತ್ತವೆ. ಅದರ ಜೊತೆಗೆ, ಬಂದ ಫೋಟೊವನ್ನು ಆ ಅಂಕಣಕ್ಕೆ ಮಾತ್ರ ಬಳಸುತ್ತೀರೋ, ಕ್ಯಾಲೆಂಡರ್‌ಗೂ ಜಾಹೀರಾತು ಪುರವಣಿಗೂ ಬಳಸುತ್ತೀರೋ, ಹಾಗೆ ಬಳಸಿದರೆ ಬೇರೆ ಸಂಭಾವನೆ ಇದೆಯೋ ಎಂದು ಎರಡು ಸಾಲು ಸೇರಿಸಿ. ಸ್ಪರ್ಧೆಯಾದರೆ, ಬಹುಮಾನ ಬಾರದ ಫೋಟೊಗಳ ಮೇಲೆ ಯಾವ ಹಕ್ಕೂ ನಿಮಗೆ ಬೇಡ ಎಂದೂ ಬರೆಯಿರಿ.

ಇಂತಿ,
ನಿಮ್ಮ ಓದುಗ, ಒಬ್ಬ ಫೋಟೊಗ್ರಾಫರ್