ಕ್ಯಾಪ್ಟನ್ ಮಗಳಿಗೆ ಹವಾಲ್ದಾರ್ ಅಪ್ಪನ ಪತ್ರ

ಶ್ರೀನಿವಾಸಪುರ,
ಭಾನುವಾರ ರಾತ್ರಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಬೆಳಿಗ್ಗೆ ನಾನು ಮಾತಿನ ನಡುವೆಯೇ ಫೋನ್ ಇಟ್ಟದ್ದು ತಪ್ಪು. "ನೀನೂ ಹವಾಲ್ದಾರನೇ ಅಲ್ಲವೇನಪ್ಪ, ನಾನು ಹವಾಲ್ದಾರನನ್ನು ಮದುವೆಯಾದರೆ ನಿನಗೇಕೆ ಅವಮಾನ?" ಎಂದು ನೀನು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅದು ಅವಮಾನವಲ್ಲ ಮಗಳೇ, ಭಯ. ಆ ಹುಡುಗ ನಿಂತಿರುವ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ.

ನಾನಿನ್ನೂ ಹವಾಲ್ದಾರನಾಗದೆ ನಾಯಕ್ ಆಗಿದ್ದಾಗ ನಮ್ಮ ಕಂಪನಿಗೆ ಲೆಫ್ಟಿನೆಂಟ್ ಆಗಿ ಬಂದವನು, ಇದೇ ಊರಿನ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು ಓದಿದ್ದವನು. ನಾನು ರಜೆ ಮುಗಿಸಿ ಹೊರಟಾಗ ಅವನ ತಾಯಿ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯೊಂದನ್ನು ಬಾಯಿಗೆ ಬಟ್ಟೆ ಕಟ್ಟಿ ಕೊಟ್ಟಿದ್ದರು. ರೈಲಿನಲ್ಲಿ ಎಣ್ಣೆ ಸೋರಿ ಟ್ರಂಕಿನೊಳಗಿನ ಯೂನಿಫಾರ್ಮಿಗೆಲ್ಲ ಹತ್ತಿತ್ತು. ಆಫೀಸರ್ಸ್ ಮೆಸ್ಸಿನ ಹಿಂಬಾಗಿಲಿಗೆ ಹೋಗಿ, ಜಾಡಿಯನ್ನು ಕೆಳಗಿಟ್ಟು ಸೆಲ್ಯೂಟ್ ಹೊಡೆಯಬೇಕೋ, ಹಿಡಿದೇ ಅಟೆನ್ಷನ್‌ನಲ್ಲಿ ನಿಲ್ಲಬೇಕೋ ತಿಳಿಯದೆ ತಡವರಿಸುತ್ತಿದ್ದಾಗ ಅವನು ಬಂದು ನನ್ನ ಹೆಗಲ ಮೇಲೆ ಕೈ ಹಾಕಿ "ಏನೋ, ಯಾವಾಗ ಬಂದೆ?" ಎಂದ. ಅಡುಗೆಯವರಿಬ್ಬರು ನೋಡಿದರು.

ಅಷ್ಟೇ ನಡೆದದ್ದು. ಅಂದಿನಿಂದ ನನಗೆ ಸಿಕ್ಕ ಒಂದೊಂದು ರಜೆಯೂ ಉಪ್ಪಿನಕಾಯಿಯ ರಜೆಯಾಯಿತು. ನಾನು ತಟ್ಟೆ ಹಿಡಿದು ಜವಾನರ ಊಟದ ಲಂಗರಿಗೆ ಹೋದರೆ ಅಲ್ಲಿಯ ಮಾತು ನಿಲ್ಲುತ್ತಿತ್ತು. ನೀನು ಹುಟ್ಟಿದಾಗ ನನಗೆ ಹತ್ತು ದಿನದ ರಜೆ ಸಿಕ್ಕಿತು. ಅದೇ ವಾರ ಜೊತೆಯವನೊಬ್ಬನಿಗೆ ಸಿಗಲಿಲ್ಲ, ಊರಿನಲ್ಲಿ ಅವನ ತಂದೆ ತೀರಿಕೊಂಡರು. ಪಟ್ಟಿಯಲ್ಲಿ ನನ್ನ ಸರದಿಯೇ ಮೊದಲಿತ್ತು. ಆದರೆ ಅದನ್ನು ಅವನಿಗೆ ನಂಬಿಸುವುದು ನನ್ನಿಂದಲೂ ಆಗಲಿಲ್ಲ, ನನ್ನ ಗೆಳೆಯನಿಂದಲೂ ಆಗಲಿಲ್ಲ. ನಿಮ್ಮಮ್ಮ ಉಪ್ಪಿನಕಾಯಿ ಬಡಿಸಲು ಬಂದಾಗ ನಾನು ಎಲೆಗೆ ಕೈ ಅಡ್ಡ ಹಿಡಿಯುವುದು ಬಿ.ಪಿ.ಗೆ ಹೆದರಿ ಅಲ್ಲ.

ಬರೀ ಸ್ನೇಹಕ್ಕೆ ಇಷ್ಟಾಯಿತು. ನೀನಾದರೋ ಅವನ ರಜೆಗೆ ಸಹಿ ಹಾಕುವವಳು, ಅವನನ್ನು ಡ್ಯೂಟಿಗೆ ಕಳಿಸುವವಳು. ಅವನು ಒಪ್ಪಿದ್ದು ಮನಸ್ಸಾರೆಯೋ, ನಿನ್ನ ಹೆಗಲ ಮೇಲಿನ ಮೂರು ನಕ್ಷತ್ರಗಳನ್ನು ನೋಡಿಯೋ ಎಂದು ನಾಳೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೂ ಮೊದಲು ನೀನೇ ಕೇಳಿಕೊ. 1950ರ ಸೇನಾ ಕಾಯ್ದೆಯಲ್ಲಿ ಪ್ರೀತಿಗೆಂದು ಸೆಕ್ಷನ್ ಇಲ್ಲ. ಆದರೆ ಸ್ಥಾನಕ್ಕೆ ತಕ್ಕುದಲ್ಲದ ನಡತೆಗೆ 45 ಇದೆ, ಕೋರ್ಟ್ ಮಾರ್ಷಲ್‌ನಲ್ಲಿ ಸಾಬೀತಾದರೆ ಅಧಿಕಾರಿಯ ಪದವಿಯನ್ನೇ ಕಿತ್ತು ಹೊರಹಾಕಬಹುದು. ಶಿಸ್ತಿಗೆ ಭಂಗ ತರುವುದಕ್ಕೆ 63 ಇದೆ, ಏಳು ವರ್ಷದವರೆಗೂ ಜೈಲು. ಆ 45ನೇ ಸೆಕ್ಷನ್ ಹವಾಲ್ದಾರನನ್ನು ಮುಟ್ಟುವುದಿಲ್ಲ, ನಿನ್ನನ್ನು ಮುಟ್ಟುತ್ತದೆ. ಚೆನ್ನೈ ಅಕಾಡೆಮಿಯಲ್ಲಿ ಕಲಿತು ಬಂದವಳಿಗೆ ಎಸ್ಸೆಸ್ಸೆಲ್ಸಿ ಓದಿದ ನಾನು ಕಾನೂನು ಹೇಳುತ್ತಿದ್ದೇನೆ, ನಗಬೇಡ. ನಿನ್ನನ್ನು ಅಲ್ಲಿಗೆ ಬಿಟ್ಟು ಬಂದ ದಿನ ನಾನು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ ನಿನ್ನ ವಿಷಯ ಹೇಳಿದ್ದೆ.

ನನ್ನ ಮಾತಿಗೆ ಬೆಲೆಯಿದ್ದರೆ, ಯಾರೋ ಹೋಗಿ ಚಾಡಿ ಹೇಳುವ ಮುನ್ನ ನೀನೇ ನಿಮ್ಮ ಕಮಾಂಡಿಂಗ್ ಆಫೀಸರರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿ, ಬೇರೆ ಯೂನಿಟ್ಟಿಗೆ ವರ್ಗ ಕೇಳು. ಅವನಿಂದ ಕೇಳಿಸಬೇಡ, ನೀನು ಕೇಳು. ಅವನು ಕೇಳಿದರೆ ಅದಕ್ಕೂ ಕಥೆ ಕಟ್ಟುತ್ತಾರೆ. ಅಲ್ಲಿಯವರೆಗೆ ಅವನ ರಜೆಯ ಕಾಗದ ನಿನ್ನ ಮೇಜಿಗೆ ಬರದಂತೆ ನೋಡಿಕೊ.

ಹುಡುಗನ ಹೆಸರನ್ನು ನೀನು ಹೇಳುವ ಮೊದಲೇ ಫೋನ್ ಇಟ್ಟೆ. ಉತ್ತರದಲ್ಲಿ ಬರೆ. ಅವನದು ಯಾವ ಊರು ಎನ್ನುವುದನ್ನೂ ಬರೆ, ನಿಮ್ಮಮ್ಮನಿಗೆ ನಾನಿನ್ನೂ ಹೇಳಿಲ್ಲ, ಅವಳು ಮೊದಲು ಕೇಳುವುದೇ ಅದನ್ನು.

ಇಂತಿ,
ನಿನ್ನ ಅಪ್ಪ