ಬೀರುವಿನಲ್ಲಿರುವ ಫೋಟೋ

ಪುಟ್ಟಿ,

ಎಡಿನ್‌ಬರಾದ ಗ್ಯಾಲರಿಯಿಂದ ನೀನು ಕಳಿಸಿದ ಆ ಹೆಂಗಸಿನ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಟೋಪಿಯಲ್ಲಿ ಗರಿ, ಕೈಯಲ್ಲೂ ಒಂದು ಗರಿ, ಕೆಂಪು ಲಂಗದ ಮೇಲೆ ಬೆಳ್ಳಿಯಂಥ ರೇಷ್ಮೆ. ಕಂಬಕ್ಕೆ ಒರಗಿ ನಿಂತು ಎಲ್ಲೋ ನೋಡುತ್ತಿದ್ದಾಳೆ. "ಎಷ್ಟು ಚೆಂದ ಅಲ್ವಾ ಅಪ್ಪ" ಅಂತ ಬರೆದಿದ್ದೆ. ಆಮೇಲೆ ನಾಲ್ಕು ದಿನ ಅವಳ ಬಗ್ಗೆ, ಅವಳ ಗಂಡನ ಬಗ್ಗೆಯೇ ಓದಿದೆ.

ಅವಳು ಮೇರಿ. ಇಂಗ್ಲೆಂಡಿನ ಚಿತ್ರಕಾರ ಗೇನ್ಸ್‌ಬರೋ ಈ ಚಿತ್ರವನ್ನು 1777ರಲ್ಲಿ ಪ್ರದರ್ಶನಕ್ಕಿಟ್ಟಾಗ ಅವಳಿಗೆ 20ರ ಆಸುಪಾಸು. ಗಂಡ ಥಾಮಸ್ ಗ್ರಹಾಂ, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನ ಜಮೀನ್ದಾರ. ಮದುವೆಯಾಗಿದ್ದು 1774ರಲ್ಲಿ. ಒಮ್ಮೆ ಎಡಿನ್‌ಬರಾದ ನೃತ್ಯಕೂಟಕ್ಕೆ ಬಂದಾಗ ಅವಳು ಒಡವೆ ಪೆಟ್ಟಿಗೆಯನ್ನು ಮನೆಯಲ್ಲೇ ಮರೆತಿದ್ದಳಂತೆ. ಇವನು ಕುದುರೆ ಬದಲಿಸುತ್ತಾ ಸುಮಾರು 90 ಮೈಲಿ ಓಡಾಡಿ ಅದನ್ನು ತಂದುಕೊಟ್ಟ ಎಂದು ಹೇಳುತ್ತಾರೆ.

ಮಕ್ಕಳಿರಲಿಲ್ಲ. ಅವಳಿಗೆ ಕ್ಷಯ ಬಂತು. ಬಿಸಿಲಿರುವ ಕಡೆ ವಾಸಿಯಾದೀತು ಎಂದು ಫ್ರಾನ್ಸ್‌ನ ದಕ್ಷಿಣಕ್ಕೆ ಕರೆದುಕೊಂಡು ಹೋದ. 1792ರ ಜೂನ್‌ನಲ್ಲಿ ಅಲ್ಲಿನ ಸಮುದ್ರದಲ್ಲಿ, ಹಡಗಿನಲ್ಲೇ ಅವಳು ತೀರಿಕೊಂಡಳು. ಆಗ ಅವಳಿಗೆ 35. ಅವಳನ್ನು ಊರಿಗೆ ತರುವಾಗ, ಫ್ರೆಂಚ್ ಕ್ರಾಂತಿಯ ಗಲಾಟೆಯ ಆ ದಿನಗಳಲ್ಲಿ, ತುಲೂಸ್ ಹತ್ತಿರ ಕುಡಿದ ಮತ್ತಿನಲ್ಲಿದ್ದವರು ಏನೋ ಬಚ್ಚಿಟ್ಟು ಸಾಗಿಸುತ್ತಿದ್ದಾನೆಂದು ಶವಪೆಟ್ಟಿಗೆಯನ್ನೇ ಒಡೆದರು. ಇದನ್ನು ಓದಿ ಮೊಬೈಲ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಅಲ್ಲಿಯವರೆಗೆ ಅವನು ಸೈನಿಕನೇ ಅಲ್ಲ. ಮರುವರ್ಷ, 45ರ ಹತ್ತಿರ ಬಂದಿದ್ದವನು, ತಾನಾಗಿ ಹೋಗಿ ಫ್ರಾನ್ಸ್‌ನ ಟೂಲೋನ್ ಬಂದರಿನಲ್ಲಿ ಫ್ರೆಂಚರ ವಿರುದ್ಧ ಹೋರಾಡಿದ. 1794ರಲ್ಲಿ ಊರಿನವರನ್ನು ಸೇರಿಸಿ ಒಂದು ರೆಜಿಮೆಂಟನ್ನೇ ಕಟ್ಟಿದ. 1811ರಲ್ಲಿ ಸ್ಪೇನ್‌ನ ಬರೋಸಾದಲ್ಲಿ ನೆಪೋಲಿಯನ್‌ನ ಸೈನ್ಯವನ್ನು ಸೋಲಿಸಿದ. 1814ರಲ್ಲಿ ಲಾರ್ಡ್ ಲಿನ್‌ಡಾಕ್ ಆದ. ಜೊತೆಗೆ ಕೊಡಲು ಬಂದ ವರ್ಷಕ್ಕೆ 2,000 ಪೌಂಡ್ ಪಿಂಚಣಿ ಬೇಡವೆಂದ. ಇನ್ನೊಂದು ಮದುವೆಯಾಗಲಿಲ್ಲ.

ಆದರೆ ನನ್ನನ್ನು ಹಿಡಿದಿದ್ದು ಯುದ್ಧಗಳಲ್ಲ ಪುಟ್ಟಿ. ಅಷ್ಟೊಂದು ಗುಂಡುಗಳ ಎದುರು ನಿಂತವನಿಗೆ ಆ ಚಿತ್ರದ ಎದುರು ನಿಲ್ಲಲು ಆಗಲಿಲ್ಲ. ಅದನ್ನು ಲಂಡನ್‌ನಲ್ಲಿ ಮುಚ್ಚಿಡಿಸಿದ. 1843ರಲ್ಲಿ 95ರ ವಯಸ್ಸಿನಲ್ಲಿ ತೀರಿಕೊಂಡ. ಪರ್ತ್‌ಶೈರ್‌ನ ಮೆಥ್ವೆನ್‌ನಲ್ಲಿ ಮೇರಿಯ ಜೊತೆಯೇ ಅವನ ಸಮಾಧಿಯಾಯಿತು. ಆಮೇಲೆಯೇ ಚಿತ್ರ ಹೊರಗೆ ಬಂದಿದ್ದು. 1859ರಲ್ಲಿ, ಚಿತ್ರ ಸ್ಕಾಟ್ಲೆಂಡ್ ಬಿಟ್ಟು ಹೋಗಬಾರದು ಎಂಬ ಷರತ್ತು ಹಾಕಿ ಅವನ ಮನೆಯವರು ಅದನ್ನು ಗ್ಯಾಲರಿಗೆ ಕೊಟ್ಟರು.

ಹೋದ ಸಲ ಬಂದಾಗ ಅಮ್ಮನ ಫೋಟೋ ಗೋಡೆಯಲ್ಲಿ ಇಲ್ಲದ್ದನ್ನು ನೀನು ನೋಡಿದೆ. ಏನೂ ಕೇಳಲಿಲ್ಲ, ಆದರೆ ಮುಖ ಸಣ್ಣದಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಾನು ಕೂರುವ ಜಾಗದ ಎದುರಿಗೇ ಅದಿತ್ತು. ನನ್ನ ಕೈಲಿ ಆಗುತ್ತಿರಲಿಲ್ಲ, ಅಷ್ಟೇ. ಮರೆಯುವುದಕ್ಕೆ ತೆಗೆದಿದ್ದಲ್ಲ ಮಗಳೇ. ಬೀರುವಿನಲ್ಲಿ, ಅವಳ ಹಸಿರು ಮೈಸೂರು ಸಿಲ್ಕ್ ಸೀರೆಯ ಮಡಿಕೆಯೊಳಗಿದೆ.

ನೀನು ಬಂದಾಗ ಇಬ್ಬರೂ ಸೇರಿ ಹಾಕೋಣ. ಗೋಡೆಯ ಮೊಳೆ ಕಿತ್ತಿಲ್ಲ.

ನಿನ್ನ ಅಪ್ಪ